ಪ್ರೊಬೇಷನ್‌ಗೆ ಹೋಗುವ ಮೊದಲು ಊರಲ್ಲಿ ಕಳೆದ ರಜೆ

ಪ್ಯಾರಾ ಸ್ಪೆಷಲ್ ಫೋರ್ಸಸ್‌ಗೆ ಅಂದರೆ ಸೈನ್ಯದ ಪ್ಯಾರಾಚೂಟ್ ರೆಜಿಮೆಂಟಿನ ಕಮಾಂಡೋ ಪಡೆಗೆ ಹೋಗಬೇಕು ಅಂತ ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಒಂದೇ. “ಅಣ್ಣ, ಎಷ್ಟು ಪುಷ್ ಅಪ್ ಹೊಡೀಬೇಕು? ಐದು ಕಿಲೋಮೀಟರ್ ಎಷ್ಟು ನಿಮಿಷದಲ್ಲಿ ಓಡಬೇಕು?” ನಾನು ತಿರುಗಿ ಕೇಳುವುದೂ ಒಂದೇ. “ಮನೇಲಿ ಹೇಳಿದ್ದೀಯಾ? ಸಾಲ ಎಷ್ಟಿದೆ?” ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ. ಓಟಕ್ಕೂ ಸಾಲಕ್ಕೂ ಏನು ಸಂಬಂಧ ಅಂತ. ಸಂಬಂಧ ಇದೆ. ನನ್ನ ತಯಾರಿ ಶುರುವಾಗಿದ್ದೇ ಅಲ್ಲಿಂದ.

ನಾನಾಗ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಸ್ಯಾಪರ್, ಅಂದರೆ ಎಂಜಿನಿಯರ್ ಪಡೆಯ ಸಿಪಾಯಿ. ಹಲಸೂರಿನ ಸೆಂಟರ್‌ನಲ್ಲಿ ಟ್ರೈನಿಂಗ್ ಮುಗಿಸಿ, ಯೂನಿಟ್‌ನಲ್ಲಿ ಕೆಲವು ವರ್ಷ ಕಳೆದಿದ್ದೆ. ಕಾರ್ಗಿಲ್ ಯುದ್ಧ ಮುಗಿದು ಜಾಸ್ತಿ ಕಾಲ ಆಗಿರಲಿಲ್ಲ. ನಮ್ಮೂರು ನಂದಿ ಹೋಬಳಿಯಲ್ಲಿ. ಈಗ ಚಿಕ್ಕಬಳ್ಳಾಪುರ ಜಿಲ್ಲೆ, ಆಗ ಇನ್ನೂ ಕೋಲಾರ ಜಿಲ್ಲೆ. 2007ರಲ್ಲಿ ತಾನೇ ನಮ್ಮದು ಬೇರೆ ಆಗಿದ್ದು.

ಪ್ಯಾರಾಚೂಟ್ ರೆಜಿಮೆಂಟ್‌ನಲ್ಲಿ ಇರುವವರೆಲ್ಲ ವಾಲಂಟಿಯರ್‌ಗಳು. ಅಲ್ಲಿಗೆ ಯಾರನ್ನೂ ಬಲವಂತವಾಗಿ ಕಳಿಸುವುದಿಲ್ಲ. ಬೇರೆ ರೆಜಿಮೆಂಟ್‌ನಲ್ಲಿ ಇರುವವನು ತನ್ನ ಯೂನಿಟ್ ಮೂಲಕ ಅರ್ಜಿ ಹಾಕಬೇಕು, ಸಿಓ ಸಾಹೇಬರು, ಅಂದರೆ ಯೂನಿಟ್ಟಿನ ಮುಖ್ಯಸ್ಥರು, ಒಪ್ಪಬೇಕು, ಮೆಡಿಕಲ್ ಆಗಬೇಕು. ಆಮೇಲೆ ಪ್ರೊಬೇಷನ್, ಅಂದರೆ ಒರೆಗೆ ಹಚ್ಚಿ ನೋಡುವ ಅವಧಿ. ಸ್ಪೆಷಲ್ ಫೋರ್ಸಸ್‌ನವರಿಗೆ ಅದು ಸುಮಾರು 90 ದಿನ. ಆ ಅವಧಿಯಲ್ಲಿ ಯಾವ ಗಳಿಗೆಯಲ್ಲಾದರೂ “ನನಗೆ ಸಾಕು” ಅಂದರೆ ಮುಗಿಯಿತು, ಆರ್‌ಟಿಯು ಅಂತ ಬರೆದು ಹಳೇ ಯೂನಿಟ್‌ಗೆ ವಾಪಸ್ ಕಳಿಸುತ್ತಾರೆ. ಬಂದವರಲ್ಲಿ ಹೆಚ್ಚಿನವರು ಹೀಗೆ ವಾಪಸ್ ಹೋಗುತ್ತಾರೆ. ಉಳಿದವರಿಗೆ ಮರೂನ್ ಟೋಪಿ. ಆಮೇಲೆ ಆಗ್ರಾದಲ್ಲಿ ಐದು ಜಂಪ್, ಅದರಲ್ಲಿ ಒಂದು ರಾತ್ರಿ ಹೊತ್ತು. ಆಗ ಎದೆ ಮೇಲೆ ವಿಂಗ್ಸ್, ಅಂದರೆ ರೆಕ್ಕೆಯ ಬ್ಯಾಡ್ಜ್, ಬರುತ್ತದೆ.

ಹುಡುಗರು ಪ್ಯಾರಾವನ್ನೂ ಎನ್‌ಎಸ್‌ಜಿಯನ್ನೂ ಒಂದೇ ಅಂದುಕೊಂಡಿರುತ್ತಾರೆ. ಒಂದಲ್ಲ. ಎನ್‌ಎಸ್‌ಜಿ ಅಂದರೆ ನ್ಯಾಷನಲ್ ಸೆಕ್ಯುರಿಟಿ ಗಾರ್ಡ್, ಕೇಂದ್ರ ಗೃಹ ಸಚಿವಾಲಯದ ಕೆಳಗೆ ಬರುತ್ತದೆ, ಸೈನ್ಯದಿಂದ ಡೆಪ್ಯುಟೇಷನ್ ಮೇಲೆ ಹೋಗುತ್ತಾರೆ. ಯಲಹಂಕದ ರಸ್ತೆಗೆ ಹೆಸರಿಟ್ಟಿದ್ದಾರಲ್ಲ, ಮೇಜರ್ ಸಂದೀಪ್ ಉನ್ನಿಕೃಷ್ಣನ್, ಅವರು ಬಿಹಾರ್ ರೆಜಿಮೆಂಟ್‌ನಿಂದ ಎನ್‌ಎಸ್‌ಜಿಗೆ ಹೋಗಿ, 2008ರಲ್ಲಿ ಮುಂಬೈಯಲ್ಲಿ ಪ್ರಾಣ ಕೊಟ್ಟವರು. ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲು ಸ್ಪಷ್ಟವಾಗಿರಲಿ. ದಾರಿ ಬೇರೆ, ತಯಾರಿಯೂ ಸ್ವಲ್ಪ ಬೇರೆ.

ನನ್ನ ಅರ್ಜಿ ಪಾಸಾಯಿತು. ವರ್ಷದ ರಜೆ ಪೂರ್ತಿ ಒಟ್ಟಿಗೆ ತೆಗೆದುಕೊಂಡು ಊರಿಗೆ ಬಂದೆ. ಬಂದ ರಾತ್ರಿಯೇ ಊಟ ಆದಮೇಲೆ ವಿಷಯ ಎತ್ತಿದೆ.

ಅಪ್ಪ ಕೇಳಿದ್ದು, “ಸಂಬಳ ಜಾಸ್ತಿ ಕೊಡ್ತಾರೇನಪ್ಪಾ?”

“ಸ್ವಲ್ಪ ಜಾಸ್ತಿ ಬರುತ್ತೆ. ಅದಕ್ಕೋಸ್ಕರ ಹೋಗ್ತಿಲ್ಲ.”

“ಮತ್ತೆ ಯಾತಕ್ಕೆ?”

ನನಗೆ ಇರುವ ಕೆಲಸದಲ್ಲಿ ಬೇಜಾರಿಲ್ಲ ಅಂದೆ. ಸೇತುವೆ ಕಟ್ಟಿದ್ದೇನೆ, ಮೈನ್ ತೆಗೆದಿದ್ದೇನೆ, ಅದು ಸಣ್ಣ ಕೆಲಸ ಅಲ್ಲ. ಆದರೆ ಕಷ್ಟದ ಜಾಗಕ್ಕೆ ಮೊದಲು ಹೋಗುವವರ ಜೊತೆ ನಾನಿರಬೇಕು, ಈಗ ಹೋಗದಿದ್ದರೆ ವಯಸ್ಸು ಮೀರುತ್ತದೆ ಅಂದೆ. ಅಪ್ಪ ಮಾತಾಡಲಿಲ್ಲ. ಅಮ್ಮ ಮಾತ್ರ, “ಹೋಗಬೇಡ ಅಂದ್ರೆ ನಿಲ್ಲೋನಲ್ಲ ನೀನು. ಆದ್ರೆ ಸುಳ್ಳು ಹೇಳಬೇಡ, ಏನೇನಾಗುತ್ತೆ ಎಲ್ಲಾ ಹೇಳು” ಅಂದಳು. ಎಲ್ಲಾ ಹೇಳಿದೆ. ಪೆಟ್ಟಾಗಬಹುದು ಅಂತ ಹೇಳಿದೆ. ಮೂರು ತಿಂಗಳು ಫೋನೂ ಇರಲ್ಲ, ಕಾಗದವೂ ಬರದೇ ಇರಬಹುದು, ಬರಲಿಲ್ಲ ಅಂದರೆ ನಾನು ಇನ್ನೂ ಅಲ್ಲೇ ಇದ್ದೀನಿ ಅಂತ ಅರ್ಥ ಮಾಡಿಕೊಳ್ಳಿ ಅಂತ ಹೇಳಿದೆ.

ಮರುದಿನ ನಾನು, ಅಣ್ಣ, ಅಪ್ಪ ಮೂವರೂ ಕೂತು ಕಬ್ಬಿಣದ ಟ್ರಂಕ್ ತೆಗೆದೆವು. ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್, ಬೋರ್‌ವೆಲ್ ಕೊರೆಸಿದ ಚೀಟಿ, ತಂಗಿ ಮದುವೆಗೆ ಕೈಸಾಲ ತಂದ ಲೆಕ್ಕ, ಎಲ್ಲ ಒಂದರ ಮೇಲೊಂದು. ಕೈಸಾಲವನ್ನು ನನ್ನ ಉಳಿತಾಯದಿಂದ ತೀರಿಸಿದೆ. ಸೊಸೈಟಿ ಕಂತನ್ನು ಅಣ್ಣ ನೋಡಿಕೊಳ್ಳುತ್ತೇನೆ ಅಂದ. ಬ್ಯಾಂಕ್ ಖಾತೆಗೆ ಅಮ್ಮನ ಹೆಸರು ಸೇರಿಸಿದೆ. ನಾಮಿನಿ ಹೆಸರು ಸರಿಯಾಗಿದೆಯಾ ಅಂತ ಯೂನಿಟ್ ಕ್ಲರ್ಕ್ ಹತ್ತಿರ ಪಾರ್ಟ್ ಟೂ ಆರ್ಡರ್ (ಸೈನಿಕನ ಮನೆಯ ವಿವರ ದಾಖಲಾಗುವ ಆದೇಶ) ನೋಡಿಸಿಕೊಂಡೇ ಬಂದಿದ್ದೆ. ಅಣ್ಣನ ಜೊತೆ ಒಂದು ಒಪ್ಪಂದ ಆಯಿತು. ಮನೆಯಲ್ಲಿ ಯಾರಿಗಾದರೂ ಜೀವಕ್ಕೆ ತೊಂದರೆ ಆದರೆ ಮಾತ್ರ ನನಗೆ ತಿಳಿಸಬೇಕು. ಬೆಳೆ, ಬೋರು, ಬದುವಿನ ಜಗಳ, ಇದೆಲ್ಲ ನಾನು ಬಂದಮೇಲೆ.

ಇಷ್ಟಾದಮೇಲೇ ನಾನು ಬೂಟು ಕಟ್ಟಿದ್ದು.

ಮೊದಲ ದಿನಗಳಲ್ಲಿ ತೂಕ ಮುಟ್ಟಲೇ ಇಲ್ಲ. ಕೆರೆ ಏರಿಯ ಮಣ್ಣಿನ ಮೇಲೆ ನಿಧಾನ ಓಟ, ಮಾತಾಡಿಕೊಂಡು ಓಡುವಷ್ಟು ನಿಧಾನ. ಡಾಂಬರು ರಸ್ತೆ ಬೇಡ ಅಂತ ಬಿಟ್ಟೆ. ಬೀಮ್‌ಗೆ (ಜೋತುಬಿದ್ದು ಮೈ ಎತ್ತುವ ಕಂಬಿ) ಬದಲು ನಮ್ಮ ಹೊಲದ ಹುಣಸೆ ಮರದ ಕೊಂಬೆ. ಸೈನ್ಯದ ದೈಹಿಕ ಪರೀಕ್ಷೆ ಬಿಪಿಇಟಿಯಲ್ಲಿ ಹಗ್ಗ ಹತ್ತಬೇಕಿತ್ತಲ್ಲ, ಅದಕ್ಕೆ ಅದೇ ಮರಕ್ಕೆ ದಪ್ಪ ಹಗ್ಗ ಕಟ್ಟಿದೆ. ಒಂಬತ್ತು ಅಡಿ ಹಳ್ಳ ಹಾರುವುದಕ್ಕೆ ನೀರಿನ ಕಾಲುವೆ ಇತ್ತು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೈನ್ಯದಲ್ಲಿರುವ ಎಲ್ಲರಿಗೂ ಗೊತ್ತಿರುವುದೇ.

ತೂಕ ಹೊರುವ ಕಥೆ ಬೇರೆ. ಪ್ರೊಬೇಷನ್‌ನಲ್ಲಿ ಪಿಟ್ಠು (ಬೆನ್ನ ಚೀಲ), ರೈಫಲ್ ಸಮೇತ 10, 20, 30, 40 ಕಿಲೋಮೀಟರ್ ಸ್ಪೀಡ್ ಮಾರ್ಚ್ ಇರುತ್ತದೆ. ಬರಿಗೈಯಲ್ಲಿ ಚೆನ್ನಾಗಿ ಓಡುವ ಹುಡುಗ ಬೆನ್ನ ಮೇಲೆ ತೂಕ ಬಿದ್ದಮೇಲೆ ಬೇರೆ ಮನುಷ್ಯ ಆಗಿಬಿಡುತ್ತಾನೆ. ನನಗೆ ನಂದಿಬೆಟ್ಟ ಇತ್ತು. ಕಾರಿನಲ್ಲಿ ಬರುವವರಿಗೆ ಗೊತ್ತಿರುವುದು ರಸ್ತೆ. ಸುಲ್ತಾನ್‌ಪೇಟೆ ಕಡೆಯಿಂದ ಹಳೇ ಮೆಟ್ಟಿಲ ದಾರಿ ಇದೆ, 1,175 ಮೆಟ್ಟಿಲು. ಬೆಟ್ಟದ ತುದಿ 1,478 ಮೀಟರ್. ಮೆಟ್ಟಿಲು ಒಂದೇ ಅಳತೆಯಲ್ಲಿಲ್ಲ. ಕೆಲವು ಅಂಗೈ ಎತ್ತರ, ಕೆಲವು ಮೊಣಕಾಲೆತ್ತರ. ಅದೇ ಅದರ ಒಳ್ಳೆಯ ಗುಣ. ಕಾಡುಗುಡ್ಡದಲ್ಲಿ ಯಾರೂ ಮೆಟ್ಟಿಲು ಅಳೆದು ಕಟ್ಟಿರುವುದಿಲ್ಲ.

ತೂಕಕ್ಕೆ ನಾನು ಮರಳು ಹಾಕಿಕೊಳ್ಳಲಿಲ್ಲ, ನೀರು ತುಂಬಿಕೊಂಡೆ. ಐದೈದು ಲೀಟರಿನ ಕ್ಯಾನ್. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ತಕ್ಕಡಿಯೇ ಬೇಡ. ಮೊದಲು ಎರಡು ಕ್ಯಾನ್. ಮೈ ಒಗ್ಗಿದ ಮೇಲೆ ಮೂರು. ಕೊನೆಗೆ ನಾಲ್ಕು. ಕ್ಯಾನ್ ಕುಲುಕದ ಹಾಗೆ ಹಳೇ ಕಂಬಳಿ ಸುತ್ತಿ, ಭಾರ ಹೆಗಲ ಹತ್ತಿರಕ್ಕೆ ಬರುವ ಹಾಗೆ ಪಿಟ್ಠುವಿನ ಮೇಲ್ಭಾಗದಲ್ಲಿ ಕಟ್ಟುತ್ತಿದ್ದೆ. ಭಾರ ಸೊಂಟದ ಕೆಳಗೆ ಜೋತುಬಿದ್ದರೆ ಬೆನ್ನು ಹಿಡಿದುಕೊಳ್ಳುತ್ತದೆ.

ನೀರು ಯಾಕೆ ಅಂದರೆ, ಮೇಲೆ ಹೋದಮೇಲೆ ಚೆಲ್ಲಬಹುದು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಉಸಿರು ಸಂಜೆಗೆ ವಾಪಸ್ ಬರುತ್ತದೆ, ಮಂಡಿ ಬರಲ್ಲ. ಆದ್ದರಿಂದ ತುಂಬಿಕೊಂಡು ಹತ್ತಿ ಖಾಲಿ ಇಳಿಯುವುದು. ಚೆಲ್ಲುವುದಕ್ಕೂ ಮನಸ್ಸು ಬರಲಿಲ್ಲ. ಮೇಲೆ ಟೀ ಅಂಗಡಿ ಇಟ್ಟಿದ್ದ ಒಬ್ಬ ಅಜ್ಜಿಯ ಡ್ರಮ್ಮಿಗೆ ಸುರಿಯುತ್ತಿದ್ದೆ. ಕೋತಿಗಳ ಕಾಟದಿಂದ ಅಜ್ಜಿ ಡ್ರಮ್ಮಿನ ಮುಚ್ಚಳಕ್ಕೆ ಕಲ್ಲು ಹೇರಿರುತ್ತಿದ್ದಳು. “ಬಾರಪ್ಪಾ ಮಿಲಿಟ್ರಿ” ಅಂತ ಕಲ್ಲು ಇಳಿಸಿ, ನೀರು ಸುರಿಸಿಕೊಂಡು, ಬೆಲ್ಲದ ಟೀ ಕೊಡುತ್ತಿದ್ದಳು. ದುಡ್ಡು ತೆಗೆದುಕೊಂಡವಳಲ್ಲ.

ಪಾದಕ್ಕೆ ನಾನು ಕೊಟ್ಟಷ್ಟು ಗಮನ ಮುಖಕ್ಕೆ ಕೊಟ್ಟಿಲ್ಲ. ಹೊಸ ಬೂಟು ಹಾಕಿಕೊಂಡು ಪ್ರೊಬೇಷನ್‌ಗೆ ಹೋಗಬಾರದು. ನಾನು ಬೂಟನ್ನು ಹೊಲದಲ್ಲಿ, ಮೆಟ್ಟಿಲಲ್ಲಿ, ಒದ್ದೆಯಲ್ಲಿ, ಒಣದರಲ್ಲಿ ಹಾಕಿ ಮೆದುಮಾಡಿಕೊಂಡೆ. ಒಳಗೆ ತೆಳು ಕಾಲ್ಚೀಲ, ಅದರ ಮೇಲೆ ಉಲ್ಲನ್ನು. ಉಜ್ಜಾಟ ಎರಡು ಕಾಲ್ಚೀಲದ ಮಧ್ಯೆ ಆಗುತ್ತದೆ, ಚರ್ಮದ ಮೇಲೆ ಆಗಲ್ಲ. ಉಗುರು ನೇರಕ್ಕೆ ಕತ್ತರಿಸಬೇಕು, ಮೂಲೆ ಕೊರೆಯಬಾರದು. ರಾತ್ರಿ ಹಿಮ್ಮಡಿಗೆ ಅಮ್ಮ ಹರಳೆಣ್ಣೆ ತಿಕ್ಕುತ್ತಿದ್ದಳು. ಬೊಬ್ಬೆ ಎದ್ದರೆ ಕಾಯಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮ ಕೀಳದೆ ಹಾಗೇ ಬಿಟ್ಟು ಪಟ್ಟಿ ಹಾಕುವುದು.

ಮೊಣಕಾಲ ಕೆಳಗಿನ ಮುಂಗಾಲು ಮೂಳೆ ನೋವು ಬಂದರೆ ಹುಡುಗರು ಹಲ್ಲು ಕಚ್ಚಿ ಓಡುತ್ತಾರೆ. ಇದು ಧೈರ್ಯದ ವಿಷಯ ಅಲ್ಲ. ಮೂಳೆಯ ಉದ್ದಕ್ಕೂ ಹರಡಿದ ನೋವಾದರೆ ಎರಡು ದಿನ ಓಟ ಬಿಟ್ಟು ನೋಡಬಹುದು. ಬೆರಳಿಂದ ಒತ್ತಿದಾಗ ಒಂದೇ ಚುಕ್ಕೆಯಲ್ಲಿ ಚುಳುಕ್ ಅಂದರೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು. ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಅದು ವಾಸಿಯಾಗಲು ಆರು-ಎಂಟು ವಾರ ಬೇಕು, ಜಾಸ್ತಿಯೂ ಆಗಬಹುದು. ತಾಲೀಮಿನ ಮರುದಿನ ಮೂತ್ರ ಕಪ್ಪು ಟೀ ಬಣ್ಣಕ್ಕೆ ಬಂದರೂ ಅಷ್ಟೇ, ಆ ಗಳಿಗೆಯೇ ಆಸ್ಪತ್ರೆ. ಸ್ನಾಯು ಒಡೆದು ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟಾಗುತ್ತದೆ. ಓಡುತ್ತಿರುವ ಜೊತೆಗಾರನ ಮಾತು ತೊದಲಿದರೆ, ಕುಡಿದವನ ಹಾಗೆ ತೂಗಾಡಿದರೆ, ನೆರಳಿಗೆ ಎಳೆದು ಬಟ್ಟೆ ಬಿಚ್ಚಿ ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯಬೇಕು. ಆಂಬುಲೆನ್ಸ್ ಬರುವವರೆಗೆ ಕಾಯಬಾರದು.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಪುಣ್ಯ ಇದೆ. ರಾಗಿ ಮುದ್ದೆ, ಹುರುಳಿ ಸಾರು, ಅವರೆಕಾಳು, ಸೊಪ್ಪಿನ ಬಸ್ಸಾರು, ಕಡ್ಲೆಕಾಯಿ, ಮೊಟ್ಟೆ. ಪುಡಿ ಡಬ್ಬ ಕೊಳ್ಳಲಿಲ್ಲ. ಬೆಟ್ಟ ಇಳಿದ ತಕ್ಷಣ ಮಜ್ಜಿಗೆ, ಉಪ್ಪು ಹಾಕಿದ ಅಂಬಲಿ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ಮನುಷ್ಯ ಬಿದ್ದುಹೋಗಬಹುದು. ಒಣಗಿ ಕಡ್ಡಿಯಾಗಿ ಹೋಗಬೇಡಿ ಅಂತಲೂ ಹೇಳುತ್ತೇನೆ. ಅಲ್ಲಿ ತೂಕ ತಾನಾಗೇ ಇಳಿಯುತ್ತದೆ, ಇಳಿಯಲು ಮೈಯಲ್ಲಿ ಏನಾದರೂ ಇರಬೇಕು. ಹೊರಡುವ ಮೊದಲು ಹಲ್ಲು ತೋರಿಸಿಕೊಂಡೆ. ಒಂದು ಹುಳುಕು ತುಂಬಿಸಿದರು. ಮಳೆಯಲ್ಲಿ ನೆನೆಯುತ್ತಾ ಕೂತಾಗ ಹಲ್ಲುನೋವು ಬಂದವನನ್ನು ಆಮೇಲೆ ನೋಡಿದ್ದೇನೆ. ಪಾಪ, ಅಷ್ಟು ಗಟ್ಟಿ ಹುಡುಗ.

ಈಜು ಮಾತ್ರ ಊರಲ್ಲಿ ಆಗಲಿಲ್ಲ. ಅರ್ಕಾವತಿ, ಪಾಲಾರ್, ಪಿನಾಕಿನಿ ಎಲ್ಲ ನಮ್ಮ ಬೆಟ್ಟಗಳ ಸುತ್ತಮುತ್ತಲೇ ಹುಟ್ಟುತ್ತವೆ. ನಮಗೆ ಮಾತ್ರ ಮುಳುಗಿ ಏಳಲು ನೀರಿಲ್ಲ. ಬಾವಿ ಬತ್ತಿ ಎಷ್ಟೋ ವರ್ಷ, ಬೋರು ಸಾವಿರ ಅಡಿ ದಾಟಿತ್ತು. ನಾನು ಈಜು ಕಲಿತಿದ್ದು ಬೆಂಗಳೂರಿನ ಸೆಂಟರ್‌ನ ಕೊಳದಲ್ಲಿ. ಈಗಿನ ಹುಡುಗರು ಕೃಷಿ ಹೊಂಡಕ್ಕೆ ಇಳಿಯುತ್ತಾರೆ. ಕೈ ಮುಗಿದು ಹೇಳುತ್ತೇನೆ, ಬೇಡ. ಒಳಗೆ ಹಾಸಿರುವ ಪ್ಲಾಸ್ಟಿಕ್ ಪಾಚಿಗಟ್ಟಿ ಜಾರುತ್ತದೆ, ಹತ್ತಲು ಹಿಡಿತ ಸಿಗಲ್ಲ, ಈಜು ಬರುವವನೂ ಮುಳುಗುತ್ತಾನೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ದೂರವೇನಲ್ಲ. ದುಡ್ಡು ಕೊಟ್ಟಾದರೂ ಈಜುಕೊಳದಲ್ಲೇ ಕಲಿಯಿರಿ.

ಇನ್ನು ಮನಸ್ಸಿನ ತಯಾರಿ.

ನಮ್ಮ ಕಡೆ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಕೊಡುತ್ತಿದ್ದಿದ್ದು ಮಧ್ಯರಾತ್ರಿ ಮೇಲೆ. ಅಣ್ಣನನ್ನು ಮಲಗಲು ಬಿಟ್ಟು ಮೋಟಾರ್ ಹಾಕುವ ಕೆಲಸ ನಾನು ತೆಗೆದುಕೊಂಡೆ. ಎರಡು ಗಂಟೆಗೆ ಎದ್ದು ಮೋಟಾರ್ ಹಾಕಿ, ದ್ರಾಕ್ಷಿ ತೋಟಕ್ಕೆ ನೀರು ತಿರುಗಿಸಿ, ಕರೆಂಟ್ ಹೋದಮೇಲೆ ಹಾಗೇ ಪಿಟ್ಠು ಏರಿಸಿಕೊಂಡು ಬೆಟ್ಟಕ್ಕೆ ನಡೆಯುತ್ತಿದ್ದೆ. ವಾರದಲ್ಲಿ ಒಂದು ರಾತ್ರಿ ಹೀಗೆ. ಉಳಿದ ರಾತ್ರಿ ಪೂರ್ತಿ ನಿದ್ದೆ. ನಿದ್ದೆಗೆಡುವುದನ್ನು ಅಭ್ಯಾಸ ಮಾಡಿ ಗೆಲ್ಲಲು ಆಗಲ್ಲ. ನಿದ್ದೆ ಇಲ್ಲದಾಗ ನಾನು ಯಾವ ಥರದ ಮನುಷ್ಯ ಆಗುತ್ತೇನೆ ಅಂತ ತಿಳಿದುಕೊಳ್ಳಬಹುದು. ನನಗೆ ಸಿಟ್ಟು ಬರುತ್ತಿತ್ತು. ಗೊತ್ತಾದಮೇಲೆ, ಸಿಟ್ಟು ಬಂದಾಗ ಇದು ನಿದ್ದೆಯ ಸಿಟ್ಟು ಅಂತ ಗುರುತು ಹಿಡಿದೆ. ನಾಲ್ಕು ಎಣಿಸುತ್ತಾ ಉಸಿರು ಎಳೆದು, ನಾಲ್ಕು ಎಣಿಸುತ್ತಾ ಹಿಡಿದು, ನಾಲ್ಕು ಎಣಿಸುತ್ತಾ ಬಿಡುವುದು. ಸುಲಭದ ಉಪಾಯ, ಕೆಲಸ ಮಾಡುತ್ತದೆ.

ಹಾಗೆ ನಿದ್ದೆಗೆಟ್ಟು ಬಂದ ಬೆಳಗ್ಗೆಗಳಲ್ಲಿ ಅಣ್ಣನ ಮಗಳು ನನ್ನ ಪರೀಕ್ಷೆ ತೆಗೆದುಕೊಳ್ಳುತ್ತಿದ್ದಳು. ಆಗ ಅವಳು ನಾಲ್ಕನೇ ಕ್ಲಾಸು. ಮೊರದಲ್ಲಿ ಸಾಮಾನು ಜೋಡಿಸಿ ಟವೆಲ್ ಮುಚ್ಚಿ ತರುತ್ತಿದ್ದಳು. ಒಂದು ನಿಮಿಷ ತೆಗೆದು ತೋರಿಸಿ ಮತ್ತೆ ಮುಚ್ಚುವಳು. ನಾನು ಪಟ್ಟಿ ಹೇಳಬೇಕು. ಹುಣಸೆ ಬೀಜ, ಸೇಫ್ಟಿ ಪಿನ್ನು, ಬೀಡಿ ಕಟ್ಟು, ಒಂದು ರೂಪಾಯಿ, ರೇಷ್ಮೆ ಗೂಡು, ಬಳೆ ಚೂರು. ಹೇಳಿ ಮುಗಿಸಿದರೆ, “ಚಿಕ್ಕಪ್ಪಾ, ರೂಪಾಯಿಯಲ್ಲಿ ಸಿಂಹ ಮೇಲಿತ್ತಾ, ಕೆಳಗಿತ್ತಾ? ಗೂಡಿಗೆ ತೂತು ಇತ್ತಾ?” ಅಂತ ಕೇಳುವಳು. ಆ ಹುಡುಗಿ ಆಮೇಲೆ ನನಗೆ ತರಬೇತಿ ಕೊಟ್ಟ ಎಷ್ಟೋ ಉಸ್ತಾದ್‌ಗಳಿಗಿಂತ ಬಿಗಿ. ಸುಸ್ತಾಗಿ ಕಣ್ಣು ಎಳೆಯುವಾಗ ನೋಡಿದ್ದನ್ನು ನೆನಪಿಟ್ಟು ಸರಿಯಾಗಿ ಹೇಳುವುದು ಆ ಕೆಲಸದ ದೊಡ್ಡ ಭಾಗ. ಅದಕ್ಕೆ ತೋಳಿನ ಬಲ ಸಹಾಯಕ್ಕೆ ಬರಲ್ಲ. ಹಿಂದಿಯೂ ಅಷ್ಟೇ ಮುಖ್ಯ. ನಮ್ಮ ಗ್ರೂಪ್‌ನಲ್ಲಿ ದಕ್ಷಿಣದವರೇ ಜಾಸ್ತಿ, ಹೇಗೋ ನಡೆಯುತ್ತಿತ್ತು. ಅಲ್ಲಿ ಆರ್ಡರ್ ಒಂದೇ ಸಲ, ಹಿಂದಿಯಲ್ಲಿ, ಓಡುತ್ತಾ ಇರುವಾಗ. ರೇಡಿಯೋದ ಹಿಂದಿ ವಾರ್ತೆ ಕೇಳಿ ಅದನ್ನೇ ಜೋರಾಗಿ ತಿರುಗಿ ಹೇಳುತ್ತಿದ್ದೆ.

ಪಕ್ಕದ ಊರಲ್ಲಿ ಒಬ್ಬರು ನಿವೃತ್ತ ಸುಬೇದಾರ್ ಸಾಹೇಬರಿದ್ದರು. ನನ್ನ ತಯಾರಿಯ ಸುದ್ದಿ ಕೇಳಿ ಒಂದು ದಿನ ಬೆಟ್ಟದ ಬುಡಕ್ಕೆ ಸೈಕಲ್‌ನಲ್ಲಿ ಬಂದರು. “ಇವತ್ತು ಎಷ್ಟು ಸಲ ಹತ್ತೀಯಾ?” ಅಂದರು. “ಎರಡು ಸಲ, ಸಾಹೇಬ್.” “ಸರಿ, ಹತ್ತು.” ಎರಡನೇ ಸಲ ಮೈಯಲ್ಲಿರುವುದನ್ನೆಲ್ಲ ಹಾಕಿ ಹತ್ತಿ ಇಳಿದು ಬಂದೆ. ಕಾಲು ನಡುಗುತ್ತಿತ್ತು. ಅವರು ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲಿಂದ ಏಳದೆ, “ಕ್ಯಾನ್ ತುಂಬ್ಕೋ. ಇನ್ನೊಂದು ಸಲ” ಅಂದರು.

ನನ್ನ ಎದೆಯಲ್ಲಿ ಏನೋ ಕುಸಿಯಿತು. ಕಾಲಿಗಿಂತ ಮೊದಲು ಕುಸಿದಿದ್ದು ಅದೇ. ಐದು ನಿಮಿಷದ ಹಿಂದೆ ಬರೀ ಸುಸ್ತಾಗಿತ್ತು, ಈಗ ಅನ್ಯಾಯ ಆಯಿತು ಅನ್ನಿಸಿತು. ಎರಡಕ್ಕೂ ತುಂಬ ವ್ಯತ್ಯಾಸ ಇದೆ. ತುಂಬಿಕೊಂಡು ಹೊರಟೆ. ಮೆಟ್ಟಿಲು ಎಣಿಸಲಿಲ್ಲ, ತುದಿ ನೋಡಲಿಲ್ಲ. ಮುಂದಿನ ತಿರುವಿನ ತನಕ, ಆಮೇಲೆ ಅದರ ಮುಂದಿನ ಬಂಡೆ ತನಕ. ಅರ್ಧ ದಾರಿಯಲ್ಲಿ ಅವರೇ ಕೂಗಿ ಕರೆದು, ಸಾಕು ಬಾ ಅಂದರು. ಕೆಳಗೆ ಬಂದಾಗ ಹೇಳಿದರು. “ಅಲ್ಲಿ ಯಾರೂ ನಿಂಗೆ ಮುಗೀತು ಅಂತ ಮೊದಲೇ ಹೇಳಲ್ಲ. ಲಾರಿ ನಿಂತಿರುತ್ತೆ. ಹತ್ತಿರ ಹೋಗ್ತಿದ್ದ ಹಾಗೆ ಲಾರಿ ಹೊರಟುಹೋಗುತ್ತೆ. ಹುಡುಗರು ಅಲ್ಲೇ ಕೂತುಬಿಡ್ತಾರೆ.” ಆಮೇಲೆ ಅವರು ಹೇಳದೆ ಕೇಳದೆ ಬರುತ್ತಿದ್ದರು. ಕೆಲವು ಸಲ ಒಂದೇ ಸಲಕ್ಕೆ ನಿಲ್ಲಿಸಿ ಮನೆಗೆ ಕಳಿಸುತ್ತಿದ್ದರು. ಅದೂ ಕಷ್ಟವೇ, ಬೇಕಾದರೆ ನೋಡಿ. ಇಡೀ ರಜೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ತಾಲೀಮು ಇದು.

ಪ್ರೊಬೇಷನ್ ಒಳಗಿನ ವಿಷಯ ನಾನು ಬರೆಯುವುದಿಲ್ಲ, ಬರೆಯಬಾರದು. ಒಂದು ಮಾತ್ರ ಹೇಳುತ್ತೇನೆ. ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹುಡುಗನಿದ್ದ. ಓಟದಲ್ಲಿ, ಹಗ್ಗದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಮನೆಯಲ್ಲಿ ಆಸ್ತಿ ಜಗಳ ನಡೆಯುತ್ತಿರುವಾಗಲೇ ಬಂದಿದ್ದ. ಮನೆಯವರಿಗೆ ಎಲ್ಲಿಗೆ ಹೋಗುತ್ತಿದ್ದೇನೆ ಅಂತಲೂ ಹೇಳಿರಲಿಲ್ಲ. ಹಗಲೆಲ್ಲ ಚೆನ್ನಾಗಿರುತ್ತಿದ್ದ. ರಾತ್ರಿ ಕೂತಾಗ ಅದೇ ಲೆಕ್ಕ, ಅಣ್ಣ ಏನು ಮಾಡಿಬಿಟ್ಟನೋ, ಅಮ್ಮ ಎಲ್ಲಿದ್ದಾಳೋ. ಒಂದು ಮಳೆಯ ಬೆಳಗ್ಗೆ ಫಾಲ್ ಇನ್ ಆಗುವಾಗ, ಎಲ್ಲ ಸಾಲಾಗಿ ನಿಲ್ಲುವಾಗ, ಮುಂದೆ ಹೋಗಿ ಸಾಕು ಅಂದ. ಉಸ್ತಾದ್ ಬೈಯಲಿಲ್ಲ, ಟೀ ಕೊಡಿಸಿ ಕಳಿಸಿದರು. ತನ್ನ ಯೂನಿಟ್‌ಗೆ ಹೋಗಿ ಒಳ್ಳೆಯ ಹವಾಲ್ದಾರ್ ಆದ. ಈಗಲೂ ಫೋನ್ ಮಾಡುತ್ತಾನೆ. ಅವನಿಗೆ ಶಕ್ತಿ ಕಡಿಮೆ ಇತ್ತು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಆಗ್ರಾ ಮುಗಿಸಿ ಮರೂನ್ ಟೋಪಿ ಹಾಕಿಕೊಂಡು ಊರಿಗೆ ಬಂದಾಗ ನಮ್ಮ ದ್ರಾಕ್ಷಿ ತೋಟ ಅರ್ಧ ಒಣಗಿ ನಿಂತಿತ್ತು. ನಾನು ಹೋದ ತಿಂಗಳಿಗೇ ಬೋರು ನಿಂತುಹೋಗಿತ್ತಂತೆ. ಅಣ್ಣ ಮತ್ತೊಂದು ಕೊರೆಸಿ, ಅದೂ ಫೇಲಾಗಿ, ಟ್ಯಾಂಕರ್ ನೀರು ಹೊಡೆಸಿ ಅರ್ಧ ತೋಟ ಮಾತ್ರ ಉಳಿಸಿಕೊಂಡಿದ್ದ. “ತಿಳಿಸಬಾರದಿತ್ತಾ?” ಅಂದೆ. “ಟ್ರಂಕ್ ಮುಂದೆ ಕೂತು ಏನಂತ ಮಾತಾಗಿತ್ತು?” ಅಂದ. ಎರಡನೇ ಬೋರಿನ ಸಾಲ ತೀರಿಸಲು ನಮಗೆ ಮೂರು ವರ್ಷ ಹಿಡಿಯಿತು.

ಈಗ ಭಾನುವಾರ ಬೆಳಗಿನ ಜಾವ, ಪ್ರವಾಸಿಗರ ಗಲಾಟೆ ಶುರುವಾಗುವ ಮೊದಲು, ಸುತ್ತಲಿನ ಊರುಗಳ ಕೆಲವು ಹುಡುಗರು ಸುಲ್ತಾನ್‌ಪೇಟೆ ಮೆಟ್ಟಿಲ ಬುಡದಲ್ಲಿ ಸೇರುತ್ತಾರೆ. ಕೆಲವರು ಅಗ್ನಿವೀರ್ ಓಟಕ್ಕೆ, ಒಬ್ಬಿಬ್ಬರು ಪ್ಯಾರಾ ಆಸೆಯಿಂದ. ಹೊಸಬರು ಬರುವುದಾದರೆ ಐದು ಲೀಟರಿನ ಎರಡು ಕ್ಯಾನ್ ತನ್ನಿ, ಹಳೇ ಬೂಟೇ ಹಾಕಿಕೊಂಡು ಬನ್ನಿ. ಜೊತೆಗೆ ಅಪ್ಪನನ್ನೋ ಅಮ್ಮನನ್ನೋ ಅಣ್ಣನನ್ನೋ ಒಂದು ಸಲ ಕರೆದುಕೊಂಡು ಬನ್ನಿ. ಅವರ ಹತ್ತಿರ ನನಗೆ ಸ್ವಲ್ಪ ಮಾತಾಡುವುದಿದೆ.